ಕಾರಿನ ಮೇಲೆ ಕಟ್ಟಿದ ಸೈಕಲ್ಲು

ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಹೋದ ಭಾನುವಾರ ಗಂಡ-ಹೆಂಡತಿ ಇಬ್ಬರು ಕಾರಿನ ಹಿಂದೆ ಸೈಕಲ್ ಸ್ಟ್ಯಾಂಡು ಕೂರಿಸುತ್ತಿದ್ದರು. ಹೊಸ ರಬ್ಬರಿನ ವಾಸನೆ ಸುತ್ತಲೂ ಹರಡಿತ್ತು. "ಅಂಕಲ್, ಇದು ತಡೆಯುತ್ತಾ? ಇಲ್ಲ ಮೇಲೆ ಕಟ್ಟೋದೇ ಒಳ್ಳೇದಾ?" ಎಂದು ಹೆಂಡತಿ ನನ್ನನ್ನು ಕೇಳಿದಳು. ಗೊತ್ತಿಲ್ಲಮ್ಮಾ ಎಂದು ಲಿಫ್ಟಿನ ಕಡೆ ನಡೆದುಬಿಟ್ಟೆ.

ಇಪ್ಪತ್ತು ವರ್ಷದ ಹಿಂದೆ ನಾನು ವಿಜಯವಾಡದಲ್ಲಿ ಔಷಧ ಕಂಪನಿಯೊಂದರ ಕೆಲಸದಲ್ಲಿದ್ದೆ. ಕೆಳಗಿನ ಮನೆಯಲ್ಲಿ ಧಾರವಾಡದ ಕಡೆಯ ಅಕ್ಕ ಇದ್ದರು. ತೆಲುಗಿನವರನ್ನು ಮದುವೆಯಾಗಿ ಬಂದು ಅಲ್ಲೇ ನೆಲೆಸಿದವರು. ಯಜಮಾನರು ಹಡಗಿನ ಕೆಲಸದಲ್ಲಿ, ವರ್ಷಕ್ಕೊಮ್ಮೆ ಮನೆಗೆ. ಅಕ್ಕ ಗವರ್ನರ್‌ಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಆ ಓಣಿಯಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟು, ಕುಡಿದು ಮುಗಿಸುವ ತನಕ ಬಾಗಿಲಲ್ಲೇ ನಿಂತಿರುತ್ತಿದ್ದರು. ನನ್ನನ್ನು 'ತಮ್ಮಾ' ಅನ್ನುತ್ತಿದ್ದರು.

ಅವರ ಒಬ್ಬಳೇ ಮಗಳು ಸೈಕಲ್ ರೇಸಿಗೆ ಬಿದ್ದಿದ್ದಳು. ಬೆಳಿಗ್ಗೆ ಆರಕ್ಕೆಲ್ಲ ಕಾಲುವೆ ಪಕ್ಕದ ರಸ್ತೆಯಲ್ಲಿ ಮಗಳು ಸೈಕಲ್ ತುಳಿಯುವುದು, ಹಿಂದೆ ಅಕ್ಕ ಸ್ಕೂಟಿಯಲ್ಲಿ ಹೋಗುವುದು... ನಾನು ಹಾಲು ತರಲು ಹೋದಾಗ ದಿನಾ ಕಾಣುತ್ತಿತ್ತು. ಅಕ್ಕ ಎರಡು ವರ್ಷ ರಜೆ ಹಾಕದೆ ದುಡಿದು ಮಗಳಿಗೊಂದು ರೇಸ್ ಸೈಕಲ್ ಕೊಡಿಸಿದ್ದರು. ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ.

ರಾಜ್ಯ ತಂಡಕ್ಕೆ ಆರಿಸುವ ಪಂದ್ಯ ವಿಶಾಖಪಟ್ಟಣದಲ್ಲಿತ್ತು. ಮುಂದಿನ ವರ್ಷಕ್ಕೆ ಹುಡುಗಿಯ ವಯಸ್ಸು ಮೀರುತ್ತಿತ್ತು. ರೇಸ್ ಸೈಕಲ್ ಜೊತೆ ಅಭ್ಯಾಸಕ್ಕೆಂದು ಹಳೆಯದನ್ನೂ ಒಯ್ಯಬೇಕು. ಹಿಂದೊಮ್ಮೆ ರೈಲಿನ ಲಗೇಜಿನಲ್ಲಿ ಹಾಕಿದಾಗ ಚಕ್ರ ಸೊಟ್ಟಗಾಗಿ ಬಂದಿತ್ತು. ಬಸ್ಸಿನ ಮೇಲೆ ಪೆಟ್ಟಿಗೆಗಳ ನಡುವೆ ಹಾಕಲು ಅಕ್ಕನಿಗೆ ಮನಸ್ಸಿಲ್ಲ. ನಾನು ಆಗಷ್ಟೇ ಸಣ್ಣ ಕಾರು ಕೊಂಡಿದ್ದೆ, ಸೀಟಿನ ಪ್ಲಾಸ್ಟಿಕ್ಕೂ ತೆಗೆದಿರಲಿಲ್ಲ. "ನಾನು ಕರಕೊಂಡು ಹೋಗ್ತೀನಿ ಅಕ್ಕ" ಅಂದೆ. ಆಟೋನಗರದಲ್ಲಿ ಕಾರಿನ ಮೇಲಕ್ಕೊಂದು ಕಬ್ಬಿಣದ ಕ್ಯಾರಿಯರ್ ಮಾಡಿಸಿದೆ.

ಹೊರಡುವ ಬೆಳಿಗ್ಗೆ ಅಕ್ಕ ರೇಸ್ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತರು. "ತಮ್ಮಾ, ಇದರ ಗಾಲಿ ಬಿಚ್ಚಿ ಒಳಗ ಇಡೂಣು. ನಾ ಹಿಂದ ಕುಂತು ತೊಡಿ ಮ್ಯಾಲ ಇಟಗೊಂತೀನಿ. ಹಳೇದು ಮ್ಯಾಲ ಇರಲಿ."

"ಬೇಡ ಅಕ್ಕ, ಚೈನಿನ ಗ್ರೀಸು ನಿಮ್ಮ ಸೀರೆಗೆ ಮೆತ್ತುತ್ತೆ. ಎರಡನ್ನೂ ಮೇಲೇ ಗಟ್ಟಿಯಾಗಿ ಕಟ್ಟೋಣ."

"ಸೀರಿ ಏನ್ ಒಗದ್ರ ಹೋಗ್ತದ..." ಅಂದವರು ನನ್ನ ಮುಖ ನೋಡಿದರು. ನಾನು ಸೀಟಿನ ಕಡೆ ನೋಡುತ್ತಿದ್ದೆನೇನೋ. "ಆತು, ನಿನಗ ಹೆಂಗ ಸರಿ ಅನಸ್ತದ ಹಂಗ ಮಾಡಪಾ" ಅಂದರು.

ನೈಲಾನ್ ಹಗ್ಗದಲ್ಲಿ ನಾನೇ ಕಟ್ಟಿದೆ, ಅಕ್ಕ ಒಂದು ತುದಿ ಹಿಡಿದುಕೊಂಡರು. ರಾಜಮಂಡ್ರಿಯಲ್ಲಿ ಇಡ್ಲಿ ತಿಂದು ಗಂಟು ಅಲುಗಾಡಿಸಿ ನೋಡಿದೆ, ಗಟ್ಟಿಯಿತ್ತು. ತುನಿ ದಾಟಿದ ಮೇಲೆ ಗಾಳಿ ಹೆಚ್ಚಾಯಿತು. ತಲೆಯ ಮೇಲೆ ಏನೋ ಕರಕರ ಅಂದಂತಾಯಿತು, ಕಾರು ಪಕ್ಕಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ರೇಸ್ ಸೈಕಲ್ ಕನ್ನಡಿಯಲ್ಲಿ ಕಂಡಿತು. ಒಮ್ಮೆ ಪುಟಿದು ರಸ್ತೆ ನಡುವೆ ಬಿತ್ತು. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕ್ ಹಾಕಿದ. ಆದರೂ ಮುಂದಿನ ಚಕ್ರ ಅದರ ಮೇಲೆ ಹತ್ತಿಯೇ ನಿಂತಿತು.

ಹುಡುಗಿ ಇಳಿದು ಓಡಿದಳು. ಅಕ್ಕ ಓಡಲಿಲ್ಲ. ಮೆಲ್ಲಗೆ ನಡೆದು ಹೋಗಿ, ಮುರಿದ ಫ್ರೇಮನ್ನು ಎತ್ತಿ ರಸ್ತೆಯ ಅಂಚಿಗೆ ತಂದರು. ಲಾರಿಯವನು ಕೈಮುಗಿದು ತೆಲುಗಿನಲ್ಲಿ ಏನೇನೋ ಹೇಳಿದ. ನಾನು "ಅಕ್ಕ..." ಅಂದೆ.

"ಹಗ್ಗದ ಒಂದ್ ತುದಿ ನಾನೂ ಹಿಡದಿದ್ನೆಲ್ಲಾ ತಮ್ಮಾ. ನಡೀ, ಹೊತ್ತಾಗ್ತದ" ಅಂದರು.

ಫ್ರೇಮನ್ನು ಅಲ್ಲೇ ಬಿಟ್ಟುಹೋಗಲು ಅವರು ಒಪ್ಪಲಿಲ್ಲ. ನಾನು ಹಿಂದಿನ ಬಾಗಿಲು ತೆರೆದೆ. ಅಕ್ಕ ಚೀಲದಿಂದ ತಮ್ಮ ಹೊದಿಕೆ ತೆಗೆದು, ಸೀಟಿನ ಉದ್ದಕ್ಕೂ ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಫ್ರೇಮ್ ಇಟ್ಟುಕೊಂಡು ಕುಳಿತರು. ನಾನು ಸೀರೆಯ ನೆಪ ಯಾಕೆ ಹೇಳಿದ್ದೆ ಅನ್ನುವುದು ಅವರಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ಅಂಗಡಿ ಅಂಗಡಿ ಅಲೆದೆ, ಅಂಥ ಸೈಕಲ್ ಎಲ್ಲೂ ಇರಲಿಲ್ಲ. ಪಂದ್ಯ ನಡೆಸುವವರನ್ನು ಕೇಳಿದೆ, ದಿನ ಮುಂದೂಡಲು ಆಗುವುದಿಲ್ಲ ಅಂದರು. ಬೇರೆ ಹುಡುಗಿಯರ ತಂದೆತಾಯಿಯರ ಮುಂದೆಯೂ ನಿಂತೆ. ಅವರಾದರೂ ಏನು ಕೊಟ್ಟಾರು, ಅವರಲ್ಲಿದ್ದದ್ದೂ ಒಂದೊಂದೇ.

ಮರುದಿನ ಸಮುದ್ರದ ಪಕ್ಕದ ರಸ್ತೆಯಲ್ಲಿ ಆ ಹುಡುಗಿ ಮಡ್‌ಗಾರ್ಡು, ಬೆಲ್ಲು ಬಿಚ್ಚಿದ ಹಳೇ ಸೈಕಲ್ ಹತ್ತಿದಳು. ಮೊದಲ ಸುತ್ತಿನಲ್ಲಿ ಗುಂಪಿನ ಬಾಲ ಹಿಡಿದಿದ್ದಳು. ಎರಡನೆಯ ಸುತ್ತಿಗೆ ಹಿಂದೆ ಬಿದ್ದಳು. ಮೂರನೆಯದರಲ್ಲಿ ಎಲ್ಲರೂ ಹೋಗಿ ಎಷ್ಟೋ ಹೊತ್ತಿನ ಮೇಲೆ ಒಬ್ಬಳೇ ಬಂದಳು, ಸೀಟಿನಿಂದ ಎದ್ದು ನಿಂತು ತುಳಿಯುತ್ತಾ. ಸುತ್ತ ಎಲ್ಲರೂ ತೆಲುಗಿನಲ್ಲಿ ಕೂಗುತ್ತಿದ್ದರು. ಅಕ್ಕ ಮಾತ್ರ "ತುಳಿಯವ್ವಾ, ತುಳಿ!" ಎಂದು ಗಂಟಲು ಹರಿಯುವಂತೆ ಕೂಗಿದರು. ಕೈಕಟ್ಟಿ ನಿಲ್ಲುವುದು ಬಿಟ್ಟು ನನಗೇನೂ ಮಾಡಲಿಕ್ಕಿರಲಿಲ್ಲ.

ಆಮೇಲೂ ಅಕ್ಕ ಮೊದಲಿನ ಹಾಗೆಯೇ ಮಾತಾಡಿಸುತ್ತಿದ್ದರು. ಹಬ್ಬಕ್ಕೆ ಹೋಳಿಗೆ ಬರುತ್ತಿತ್ತು. ಹುಡುಗಿ ಮಾತ್ರ ರೇಸು ಬಿಟ್ಟು ಕಾಲೇಜು ಸೇರಿದಳು. ತಪ್ಪು ನನ್ನದು, ಸೀಟು ಹಾಳಾದೀತು ಅಂತ ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳಲು ನಾಲ್ಕಾರು ಸಲ ಅವರ ಬಾಗಿಲಿಗೆ ಹೋದೆ. ಪ್ರತಿ ಸಲವೂ ಚಹಾ ಕುಡಿದು ಬಂದೆ... ವರ್ಷ ಕಳೆಯುವುದರೊಳಗೆ ನನಗೆ ಮೈಸೂರಿಗೆ ವರ್ಗವಾಯಿತು.

ಮೊನ್ನೆ ಹಳೆಯ ಸಹೋದ್ಯೋಗಿಯೊಬ್ಬರಿಂದ ಅಕ್ಕನ ಮನೆಯ ನಂಬರು ಹುಡುಕಿಸಿ ಫೋನು ಮಾಡಿದೆ. ಮಗಳು ಎತ್ತಿಕೊಂಡಳು. ಯಾರೆಂದು ಹೇಳಿದೆ. "ಅಮ್ಮ ಇಲ್ಲ ಅಂಕಲ್. ಮೂರು ವರ್ಷ ಆತು" ಅಂದಳು.

ಅಕ್ಕನಿಗೆಂದು ಇಟ್ಟುಕೊಂಡಿದ್ದ ಮಾತನ್ನೆಲ್ಲ ಅವಳಿಗೇ ಹೇಳತೊಡಗಿದೆ. ಹಗ್ಗ, ಸೀರೆಯ ನೆಪ, ಸೀಟು, ಎಲ್ಲ ಹೇಳಿದೆ. ಅವಳು ನಡುವೆ ತಡೆದು, "ಅಂಕಲ್, ಸಾರಿ... ಕನ್ನಡ ಈಗ ಅಷ್ಟು ಬರಲ್ಲ. ಅಮ್ಮ ಹೋದ ಮೇಲೆ ಮಾತಾಡೋರು ಇಲ್ಲ" ಅಂದಳು. ನನ್ನ ತೆಲುಗು ತರಕಾರಿ ಕೊಳ್ಳುವಷ್ಟೇ. ಆದರೂ ತಪ್ಪು ನಂದು, ತಪ್ಪು ನಂದು ಎಂದು ಎರಡೂ ಭಾಷೆಯಲ್ಲಿ ತಡವರಿಸಿದೆ.

"ಪರವಾಲೇದು ಅಂಕಲ್" ಅಂದಳು. ಪರವಾಗಿಲ್ಲವಂತೆ. ಅವಳಿಗೆ ಯಾವುದು ಅರ್ಥವಾಗಿತ್ತೋ, ಯಾವುದಕ್ಕೆ ಪರವಾಗಿಲ್ಲ ಅಂದಳೋ ಕೇಳದೆಯೇ ಫೋನು ಇಟ್ಟೆ.