ಪಿಸುದನಿಯ ಟೀಚರ್

ನಮ್ಮ ವಿಜ್ಞಾನದ ಟೀಚರ ಕೊರಳಿಗೆ ಅಡ್ಡಲಾಗಿ ಒಂದು ಹೊಲಿಗೆಯ ಗುರುತಿತ್ತು. ಉಗುರಿನಿಂದ ಗೀರಿದಷ್ಟು ತೆಳ್ಳಗೆ, ಬಿಳಿಚಿಕೊಂಡಿತ್ತು. ಮಾತಾಡುವಾಗ ಅದರ ಮೇಲೆ ತೋರುಬೆರಳು ಇಟ್ಟುಕೊಳ್ಳುತ್ತಿದ್ದರು. ಗಂಟಲಿನ ಗಡ್ಡೆಯ ಆಪರೇಷನ್ ಆದ ಮೇಲೆ ಅವರ ದನಿ ಮರಳಿರಲಿಲ್ಲ, ಬರುತ್ತಿದ್ದದ್ದು ಪಿಸುಮಾತು ಮಾತ್ರ. ಕೊಟ್ಟೂರಿನ ನಮ್ಮ ಹೈಸ್ಕೂಲಿನಲ್ಲಿ ಉಳಿದ ಮೇಷ್ಟ್ರು ಮೇಜು ಕುಟ್ಟಿದರೂ ಅಡಗದ ಗದ್ದಲ ಅವರು ಬಾಗಿಲಲ್ಲಿ ಕಾಣಿಸಿಕೊಂಡರೆ ತಾನಾಗಿ ನಿಲ್ಲುತ್ತಿತ್ತು. ಹೆದರಿಕೆಗಲ್ಲ. ಅವರು ಹೇಳುವುದು ಎಲ್ಲಿ ತಪ್ಪಿಹೋಗುತ್ತದೋ ಎಂದು.

ಪಾಠಕ್ಕಿಂತ ಅವರು ಪ್ರಶ್ನೆ ಕೇಳಿದ್ದೇ ಹೆಚ್ಚು. ಮಂಡಕ್ಕಿ ಮಿರ್ಚಿ ಅಂಗಡಿಯ ಮುಂದೆ ಸಿಕ್ಕರೂ, "ಕಾದ ಎಣ್ಣ್ಯಾಗ ನೀರ್ ಬಿದ್ರ ಯಾಕ ಸಿಡೀತೈತಿ?" ಎಂದು ಕೇಳಿ ನಿಂತುಬಿಡುವರು. ನಾವು ತಡಕಾಡುವಾಗ ಅವರ ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು. ಉತ್ತರವನ್ನು ತಮ್ಮೊಳಗೇ ಹೇಳಿಕೊಳ್ಳುವುದು ಅವರ ಅಭ್ಯಾಸ. ಗೊತ್ತಿಲ್ಲ ಎಂದರೆ ಸಿಟ್ಟಾಗುತ್ತಿರಲಿಲ್ಲ. "ಇರ್ಲಿ, ಮನಿಗೆ ಹೋಗಿ ಯೋಚ್ನಿ ಮಾಡು."

ನಾನು ಹತ್ತನೇ ತರಗತಿಯಲ್ಲಿದ್ದಾಗ ಹರಪನಹಳ್ಳಿಯ ರಸಪ್ರಶ್ನೆ ಸ್ಪರ್ಧೆಗೆ ನನ್ನನ್ನೂ ಬಸ್ ಸ್ಟ್ಯಾಂಡಿನ ಮೆಕ್ಯಾನಿಕ್ ಸಾಹೇಬರ ಮಗನನ್ನೂ ಕರೆದುಕೊಂಡು ಹೊರಟರು. ಬಸ್ಸಿನ ಸದ್ದಿನಲ್ಲಿ ಅವರ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ನನ್ನ ಕಿವಿಗೆ ಬಾಯಿ ಹಚ್ಚಿ ಪ್ರಶ್ನೆ ಕೇಳಿದರು. ನಾನು ಅದನ್ನು ಅವನಿಗೆ ಕೂಗಿ ಹೇಳಬೇಕು. ಹರಪನಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಆ ಪಿಸುಮಾತು ನನ್ನ ತಲೆಯೊಳಗೆ ಹೊಕ್ಕು ಕೂತಿತ್ತು.

ಕೊನೆಯ ಸುತ್ತಿಗೆ ನಾವೂ ಇನ್ನೊಂದು ಶಾಲೆಯವರೂ ಸರಿಸಮ ಉಳಿದೆವು. ಪ್ರಶ್ನೆ ನಮಗೆ ಬಂತು: "ಕಾಮನಬಿಲ್ಲು ಕಾಣಬೇಕಾದರೆ ಸೂರ್ಯ ನಮ್ಮ ಯಾವ ಕಡೆಗಿರಬೇಕು?"

ನಾನು ಯೋಚಿಸಲೇ ಇಲ್ಲ. 'ಬೆನ್ನ ಹಿಂದ' ಎಂದು ಟೀಚರ ದನಿ ಕಿವಿಯಲ್ಲೇ ಕೇಳಿಸಿತು. ಬೆಚ್ಚಿದೆ, ಆದರೆ ತಲೆ ಎತ್ತಿ ನೋಡಲಿಲ್ಲ. ಅವರು ಸಭಾಂಗಣದ ಕೊನೆಯಲ್ಲಿ ಕೂತಿದ್ದರು. ಅಷ್ಟು ದೂರದಿಂದ ಅವರ ಮಾತು ಯಾರಿಗೂ ಮುಟ್ಟುವಂತಿರಲಿಲ್ಲ. ಕೇಳಿದ್ದನ್ನು ಹಾಗೇ ಹೇಳಿದೆ. ಚಪ್ಪಾಳೆ ಬಿತ್ತು.

ಅಷ್ಟರಲ್ಲಿ ಎದುರು ಶಾಲೆಯ ಮೇಷ್ಟ್ರು ಎದ್ದು ನಿಂತರು. "ಸರ್, ಆ ಮೇಡಂ ತುಟಿ ಅಲ್ಲಾಡಿಸಿ ಉತ್ತರ ಹೇಳ್ಯಾರ. ನಾನ ಕಣ್ಣಾರೆ ನೋಡೀನಿ."

ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಟೀಚರ್ ಎದ್ದು ಕೊರಳ ಮೇಲೆ ಬೆರಳಿಟ್ಟರು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ, ನಮ್ಮ ಕ್ಲಾಸಿನ ಹಾಗೆಯೇ, ಇಡೀ ಸಭೆ ಗಪ್ಪಾಯಿತು.

"ಅವ್ರು ಹೇಳಿದ್ದು ಖರೇನ ಐತ್ರಿ. ನನ್ನ ತುಟಿ ಅಲ್ಲಾಡೈತಿ. ಹುಡುಗ್ರು ನೋಡಿಲ್ಲ ಅಂತ ನನಗ ಗೊತ್ತು, ನಿಮಗ ಹೆಂಗ ಗೊತ್ತಾಗ್ಬೇಕು? ಇನ್ನೊಂದು ಪ್ರಶ್ನೆ ಕೇಳ್ರಿ."

ಹಾಗೆಂದು ತಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತರು. ನಮಗೆ ಕಾಣುತ್ತಿದ್ದದ್ದು ಅವರ ಬೆನ್ನು ಮತ್ತು ಜಡೆ ಮಾತ್ರ.

"ಹಗಲು ಹೊತ್ತು ಸಮುದ್ರದ ದಂಡೆಯಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ?"

ನಾವಿಬ್ಬರೂ ಸಮುದ್ರ ಕಂಡವರಲ್ಲ. ಕಿವಿಯಲ್ಲಿ ಏನೂ ಕೇಳಿಸಲಿಲ್ಲ. ಮೆಕ್ಯಾನಿಕ್ ಮಗ ಮೆಲ್ಲಗೆ, "ಮೊದಲ ಕಾಯೋದು ಯಾವ್ದು ಹೇಳು, ನೆಲನೋ ನೀರೋ?" ಎಂದ. ನೆಲ. ನೆಲದ ಮೇಲಿನ ಗಾಳಿ ಕಾದು ಮೇಲೇರುತ್ತದೆ. ಖಾಲಿಯಾದ ಜಾಗಕ್ಕೆ ಬರಬೇಕಾದವರು ಯಾರು?

"ಸಮುದ್ರದ ಕಡೆಯಿಂದ," ಎಂದೆ.

ತೀರ್ಪುಗಾರರು ಸರಿ ಎಂದರು. ಜನ ಎದ್ದು ಚಪ್ಪಾಳೆ ತಟ್ಟಿದರೂ ಟೀಚರ್ ತಿರುಗಲಿಲ್ಲ. ಹತ್ತಿರ ಹೋದರೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ವಾಪಸು ಬರುವಾಗ ಬಸ್ಸು ಹೊರಡುವ ಮೊದಲೇ, ಕಾಮನಬಿಲ್ಲಿನ ಉತ್ತರ ನನಗೆ ಅವರ ದನಿಯಲ್ಲೇ ಕೇಳಿಸಿತೆಂದು ಹೇಳಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಬಾಡಿತು.

"ಹಂಗ ಆಗಬಾರ್ದವ್ವಾ. ನಾ ಇರೋದಿಲ್ಲ, ಆವಾಗ ಏನ್ ಮಾಡ್ತಿ? ಸಮುದ್ರದ್ದು ಹೇಳಿದ್ಯಲ್ಲ, ಅದು ನಿನ್ನ ದನಿ. ಅದರ ಗುರ್ತು ಇಟ್ಕೋ."

ಎಲ್ಲಿಗೋ ವರ್ಗವಾಗಿ ಹೋಗುತ್ತಾರೇನೋ ಅಂದುಕೊಂಡೆ. ಗಡ್ಡೆ ಮತ್ತೆ ಬೆಳೆಯುತ್ತಿರುವುದು ಆ ಹೊತ್ತಿಗೇ ಅವರಿಗೆ ತಿಳಿದಿತ್ತೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ನಾನು ಕಾಲೇಜಿನಲ್ಲಿದ್ದಾಗ ಅವರನ್ನು ನೋಡಲು ಹಗರಿಬೊಮ್ಮನಹಳ್ಳಿಯ ಅವರ ಮನೆಗೆ ಹೋದೆ. ಪಿಸುಮಾತೂ ನಿಂತುಹೋಗಿತ್ತು. ಮಂಚದ ಪಕ್ಕ ಕೂತೆ. ಅವರು ನನ್ನ ಕೈ ಹಿಡಿದು ತುಟಿ ಅಲ್ಲಾಡಿಸಿದರು. ಹುಬ್ಬು ಮೇಲೇರಿದ ರೀತಿಯಲ್ಲೇ ಅದು ಪ್ರಶ್ನೆ ಎಂದು ತಿಳಿಯಿತು. ಏನೆಂದು ತಿಳಿಯಲಿಲ್ಲ. ಬಾಗಿ ಕಿವಿ ಕೊಟ್ಟೆ. ಬರೀ ಉಸಿರು. ಮತ್ತೆ ಕೇಳಿದರು. ಅವರ ಯಜಮಾನರು ಸ್ಲೇಟು ಬಳಪ ತಂದುಕೊಟ್ಟರೆ ಪಕ್ಕಕ್ಕೆ ಸರಿಸಿದರು. ಬರೆದು ತಿಳಿಸುವ ಮನಸ್ಸಿರಲಿಲ್ಲ. ನನ್ನ ಕಿವಿಗೇ ಕೇಳಿಸಲಿ ಎಂದಿರಬೇಕು. ಕೊನೆಗೆ ನನ್ನ ಕೆನ್ನೆ ಸವರಿ ಕಣ್ಣು ಮುಚ್ಚಿದರು.

ಅದೇ ವಾರ ಹೋಗಿಬಿಟ್ಟರು. ಮಣ್ಣು ಕೊಡಲು ಹೋದಾಗ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. "ಅವತ್ತು ಏನ್ ಕೇಳಿದ್ಲು, ನಿನಗೇನಾರ ತಿಳೀತೇನವ್ವಾ?"

"ಇಲ್ರಿ."

"ನನಗೂ ತಿಳೀಲಿಲ್ಲ. ನೀ ಹೋದ ಮ್ಯಾಲ ಬಾಗಿಲ ಕಡೀನ ನೋಡ್ತಿದ್ಲು. ನೀ ಯೋಚ್ನಿ ಮಾಡಿ ಬರ್ತಿ ಅಂತ ಕಾದಂಗ."

ಈಗ ನಾನು ಹಡಗಲಿಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅವರು ಕೇಳಿರಬಹುದಾದ ಪ್ರಶ್ನೆಗಳನ್ನು ಒಂದೊಂದಾಗಿ ಮಕ್ಕಳ ಮುಂದೆ ಇಡುತ್ತಾ ಹೋಗುತ್ತೇನೆ. ಮಕ್ಕಳು ಉತ್ತರ ಹೇಳುತ್ತಾರೆ, ಎಷ್ಟೋ ಸಲ ಸರಿಯಾಗಿಯೇ ಹೇಳುತ್ತಾರೆ. ಅವುಗಳಲ್ಲಿ ಯಾವುದು ಅವರ ಪ್ರಶ್ನೆಯ ಉತ್ತರವೋ ನನಗೆ ತಿಳಿಯುವುದಿಲ್ಲ.