ಓಗೊಡುವ ಪೆಟ್ಟಿಗೆ

ನಮ್ಮವರು ವಾಯುದಳದಲ್ಲಿ ಮೆಕ್ಯಾನಿಕ್. ಸೊರಬದ ಕಡೆಯ ನಮ್ಮ ಅತ್ತೆ ಮಾತ್ರ ಮಗನೇ ವಿಮಾನ ಹಾರಿಸುತ್ತಾನೆಂದು ಊರಿಗೆಲ್ಲ ಸಾರಿಬಿಟ್ಟಿದ್ದರು. ಹಾರಿಸುವುದಿರಲಿ, ಆನವಟ್ಟಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರೇ ಈ ಮಹಾಶಯರಿಗೆ ಹೊಟ್ಟೆ ತೊಳಸುತ್ತಿತ್ತು. ಅವರ ಕೆಲಸ ವಿಮಾನದೊಳಗಿನ ಒಂದು ಪೆಟ್ಟಿಗೆ ರಿಪೇರಿ ಮಾಡುವುದು.

ಅದು ಐವತ್ತರ ದಶಕದ ಕೊನೆ. ರಜೆಗೆ ಬಂದಾಗಲೆಲ್ಲ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಆ ಪೆಟ್ಟಿಗೆಯ ಪುರಾಣ ಬಿಚ್ಚುತ್ತಿದ್ದರು. ನಾನು ರೊಟ್ಟಿ ತಟ್ಟುತ್ತಾ ಕೇಳುತ್ತಿದ್ದೆ. ನೆಲದ ಮೇಲಿನ ರಾಡಾರು ಆಕಾಶಕ್ಕೆ ಅಲೆ ಬಿಡುತ್ತದೆ, ಅದು ವಿಮಾನಕ್ಕೆ ತಾಗಿ ಹಿಂದಿರುಗಿದರೆ ಪರದೆಯ ಮೇಲೆ ಒಂದು ಚುಕ್ಕೆ ಕಾಣುತ್ತದೆ. ಆದರೆ ಆ ಚುಕ್ಕೆ ನಮ್ಮದೋ ವೈರಿಯದೋ ಯಾರಿಗೆ ಗೊತ್ತು? ಅದಕ್ಕೇ ಕೆಳಗಿನಿಂದ ಇನ್ನೊಂದು ಸಂಕೇತ ಕಳಿಸಿ ನೀನು ಯಾರು ಎಂದು ಕೇಳುತ್ತಾರೆ. ವಿಮಾನದ ಪೆಟ್ಟಿಗೆ ತಕ್ಷಣ ತನ್ನ ಸಂಕೇತದಲ್ಲಿ ಉತ್ತರ ಕೊಡುತ್ತದೆ, ಚುಕ್ಕೆಯ ಪಕ್ಕ ಗುರುತು ಮೂಡುತ್ತದೆ. ಗದ್ದೆಯ ಆಚೆ ಬದಿಯಿಂದ ಕೂ ಹಾಕಿದರೆ ಈಚೆಯವರು ಓಗೊಡುವ ಹಾಗೆ. ಆದರೆ ಕಂಡಕಂಡವರ ಕೂಗಿಗೆಲ್ಲ ಅದು ಓಗೊಡುವುದಿಲ್ಲ, ಸರಿಯಾದ ಸಂಕೇತ ತಾಗಿದರೆ ಮಾತ್ರ ಬಾಯಿಬಿಡುತ್ತದೆ. ಪೈಲಟ್ ಸ್ವಿಚ್ ಹಾಕಲು ಮರೆತನೋ, ನಮ್ಮ ಸೈನ್ಯದವರೇ ಅವನನ್ನು ವೈರಿಯೆಂದು ಹೊಡೆದುರುಳಿಸಬಹುದು.

ಈಗಿನ ವಿಮಾನಗಳು ಯಾರೂ ಕೇಳದಿದ್ದರೂ ತಾವೆಲ್ಲಿದ್ದೇವೆಂದು ತಾವೇ ಸಾರುತ್ತಿರುತ್ತವಂತೆ, ಮೊಮ್ಮಗಳು ಹೇಳಿದಳು. ಇದೇನು ಮಹಾ! ನಮ್ಮ ಅತ್ತೆ ಆ ಕಾಲಕ್ಕೇ ಹಾಗಿದ್ದರು. ಕೊಟ್ಟಿಗೆಗೆ ಹೋದರೆ ಕೊಟ್ಟಿಗೆಯಲ್ಲಿದ್ದೇನೆ ಎಂದು, ಬಾವಿಕಟ್ಟೆಗೆ ಹೋದರೆ ಸೊಂಟ ಹಿಡಿದಿದೆ ಎಂದು, ಇಡೀ ಕೇರಿಗೆ ಕೇಳುವಂತೆ ಹೇಳುತ್ತಿದ್ದರು. ಮಗ ತದ್ವಿರುದ್ಧ. ತಾಯಿಯ ಮುಂದೆ ಅವರ ಬಾಯಿಗೆ ಬೀಗ.

ಆ ಸಲ ಅವರಿಗೆ ಕ್ವಾರ್ಟರ್ಸ್ ಸಿಕ್ಕಿತ್ತು. ನನ್ನನ್ನು ಕರೆದುಕೊಂಡು ಹೋಗುವುದೆಂದು ನಮ್ಮಿಬ್ಬರಲ್ಲೇ ಮಾತಾಗಿತ್ತು. ರಜೆಗೊಮ್ಮೆ ಗಂಡನ ಮುಖ ನೋಡಿ ನನಗೆ ಸಾಕುಸಾಕಾಗಿತ್ತು. ಅಮ್ಮನಿಗೆ ಹೇಳಿ ಎಂದರೆ, ಹೇಳ್ತೀನಿ ಹೇಳ್ತೀನಿ ಎಂದು ಮಾಡಿನ ಹೆಂಚು ನೋಡುತ್ತಾ ರಜೆಯನ್ನೆಲ್ಲ ಕಳೆದರು. ಕೊನೆಗೆ, ಟ್ರಂಕು ಕಟ್ಟು, ಬಸ್‌ಸ್ಟ್ಯಾಂಡಿನಲ್ಲಿ ಹೇಳಿಬಿಡುತ್ತೇನೆ, ಜನರೆದುರು ಅಮ್ಮ ಜಗಳಾಡುವುದಿಲ್ಲ ಎಂದರು. ಎಂಥ ಶೂರ! ನನ್ನ ತವರು ಬಳ್ಳಿಗಾವಿ, ದಾರಿಯಲ್ಲೇ ಸಿಗುವ ಊರು. ಸೊಸೆ ಅಲ್ಲಿ ಇಳಿಯುತ್ತಾಳೆಂದು ನಂಬಿ ಅತ್ತೆಯೂ ನಮ್ಮನ್ನು ಬಸ್ಸು ಹತ್ತಿಸಲು ಆನವಟ್ಟಿಯವರೆಗೆ ಬಂದರು.

ಬಸ್ಸು ಹತ್ತಿ ಕೂತೆವು. ಕಂಡಕ್ಟರು ಬಂದು ಎಲ್ಲಿಗೆಂದು ಕೇಳಿದ. ಇವರು ತಮಗೆ ಶಿಕಾರಿಪುರ ಎಂದರು. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ರೈಲು.

“ಅಮ್ಮಾರಿಗೆ ಎಲ್ಲಿಗ್ರೀ?”

ಇವರು ತಲೆ ತಗ್ಗಿಸಿದರು. ಕಿಟಕಿಯ ಹೊರಗಿನಿಂದ ಅತ್ತೆಯೇ ಬಳ್ಳಿಗಾವಿ ಎಂದರು. ಕಂಡಕ್ಟರು ಟಿಕೆಟ್ ಹರಿಯಲು ಕೈ ಹಾಕಿದ. ನಾನು ಮೊಣಕೈಯಿಂದ ತಿವಿದೆ, ರೀ ಎಂದೆ, ಕೇಳಿಸ್ತಾ ಎಂದೆ. ಉಹ್ಞೂಂ. ನನಗೆ ಅಳುವೂ ಬಂತು, ಮೈಯೂ ಉರಿಯಿತು.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ. ಮದುವೆಯಲ್ಲಿ ಒಡಪಿನ ಪದ್ಯ ಕಟ್ಟಿ ಒಂದು ಸಲ ಹೇಳಿದ್ದೇ ಹೇಳಿದ್ದು. ಆಯುಸ್ಸು ಹಾಳಾಗಿ ಹೋಗಲಿ ಎಂದು, ತುಂಬಿದ ಬಸ್ಸಿನಲ್ಲಿ, ಗಟ್ಟಿಯಾಗಿ, ಅವರನ್ನು ಹೆಸರು ಹಿಡಿದು ಕರೆದೆ.

ಇಡೀ ಬಸ್ಸು ನಮ್ಮ ಕಡೆ ತಿರುಗಿತು. ಇವರು ಬೆಚ್ಚಿಬಿದ್ದು “ಆಂ” ಎಂದರು. ಆ ಬಾಯಿ ಮುಚ್ಚುವ ಮೊದಲೇ, “ಶಿಕಾರಿಪುರ. ಇಬ್ಬರಿಗೂ. ಅಮ್ಮಾ, ಇವಳನ್ನ ಕರ್ಕಂಡು ಹೋಗ್ತಿದೀನಿ” ಎಂದು ಒಂದೇ ಉಸಿರಿಗೆ ಒದರಿದರು.

ಅತ್ತೆ ಬಾಯಿ ಕಟ್ಟಿ ನಿಂತದ್ದನ್ನು ನಾನು ಕಂಡಿದ್ದು ಅದೇ ಮೊದಲು. ಆಮೇಲೆ ಕಿಟಕಿಯ ಸರಳು ಹಿಡಿದು ನನ್ನ ಹತ್ತಿರ ಬಂದರು. ಬೈಗುಳಕ್ಕೆ ತಯಾರಾದೆ.

“ನಿಮ್ಮ ಮಾವನೂ ಇವನ ಹಂಗೇ ಇದ್ದರು,” ಎಂದರು ಮೆಲ್ಲಗೆ. “ಅವರು ಸಾಯೋತನ್ಕ ನಾನು ಹೆಸರು ಹಿಡ್ದು ಕರೀಲೇ ಇಲ್ಲ. ಕರ್ದಿದ್ರೆ ಮಾತಾಡ್ತಿದ್ರೇನೋ.”

ಬಸ್ಸು ಹೊರಟಿತು. ಹಿಂದಿನಿಂದ ಅತ್ತೆಯ ದನಿ ಮತ್ತೆ ಎದ್ದಿತು: ಸೊಂಟ ಹಿಡಿದಿದೆ, ಮನೆಗೆ ಹೋಗುತ್ತಿದ್ದೇನೆ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಓ ಎಂದೆ.