ಸಿರುವಾಣಿ ನೀರು ಕುಡಿದ ಪೆಟ್ಟಿಗೆಗಳು

ನನ್ನ ಮಾಮನ ಬಲಗೈಯ ತೋರುಬೆರಳಿಗೆ ಉಗುರಿರಲಿಲ್ಲ. ಹರೆಯದಲ್ಲೇ ಲೇತಿಗೆ ಸಿಕ್ಕಿ ಕಿತ್ತುಹೋದದ್ದು ಮತ್ತೆ ಬೆಳೆಯಲೇ ಇಲ್ಲ. ಆ ಜಾಗದಲ್ಲಿ ತೆಳುವಾದ ಗುಲಾಬಿ ತೊಗಲು, ನುಣ್ಣಗೆ, ಸದಾ ಸ್ವಲ್ಪ ಹೊಳೆಯುತ್ತಿತ್ತು. ಮೋಟಾರಾಗಲಿ, ಬೇರಿಂಗಾಗಲಿ, ಜ್ವರ ಬಂದ ಮಗುವಿನ ಹಣೆಯಾಗಲಿ, ಅವರು ಬಿಸಿ ನೋಡುತ್ತಿದ್ದದ್ದು ಆ ತೊಗಲಿನಿಂದಲೇ. "ಉಗುರಿದ್ದ ಬೆರಳು ಸುಳ್ಳು ಹೇಳ್ತದೆ ಅಮ್ಮಿಣಿ. ಇದು ಹೇಳಲ್ಲ" ಅನ್ನುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದದ್ದೇ ಅಮ್ಮಿಣಿ ಎಂದು.

ಮಾಮ ಅಂದರೆ ನನ್ನ ಅಮ್ಮನ ತಮ್ಮ. ನಮ್ಮದು ಕೊಯಮತ್ತೂರು ಕಡೆಯ ನೆಗಮಂನಲ್ಲಿ ಸೀರೆ ನೇಯುವ ಮನೆ. ಮಾಮ ಮಾತ್ರ ಮಗ್ಗ ಬಿಟ್ಟು ಪೆರಿಯನಾಯಕನಪಾಳ್ಯಂನಲ್ಲಿ ತಗಡಿನ ಚಪ್ಪರದಡಿ ಒಂದು ಲೇತ್ ಹಾಕಿಕೊಂಡು, ಬೋರ್‌ವೆಲ್ ಮೋಟಾರಿನ ಭಾಗಗಳನ್ನು ಕಡೆದುಕೊಡುತ್ತಿದ್ದರು. ನನಗೆ ಒಡಹುಟ್ಟಿದವರಿಲ್ಲ. ಹಾಗಾಗಿ ನಮ್ಮಲ್ಲಿ ತಾಯಿಯ ಕಡೆಯ ಗಂಡಸು ನಿಲ್ಲಬೇಕಾದ ಕಡೆಯಲ್ಲೆಲ್ಲ ಅವರೇ ನಿಂತರು. ಬಾಯಿ ತುಂಬ ಪ್ರೀತಿ, ಮೂಗಿನ ತುದಿಯಲ್ಲಿ ಕೋಪ. ಮುನಿಸಿಕೊಂಡರೆಂದರೆ ತಿಂಗಳುಗಟ್ಟಲೆ ನಮ್ಮ ಬೀದಿಗೇ ಕಾಲಿಡುತ್ತಿರಲಿಲ್ಲ.

ನಾನು ಸೀರೆಯ ಅಂಚು ಸೆರಗಿನ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬರೆದು, ಮಗ್ಗಕ್ಕೆ ಹಾಕುವ ರಟ್ಟಿನ ಅಟ್ಟೆಗೆ ತೂತು ಹೊಡೆಯಲು ಕೊಡುವವಳು. ಕಂಪ್ಯೂಟರ್ ಇದ್ದದ್ದು ಮಗ್ಗದ ಕೋಣೆಯಲ್ಲೇ. ಗಾಳಿಯಲ್ಲಿ ನೂಲಿನ ಪಂಜು, ಅಂದರೆ ಹತ್ತಿಯ ನವಿರು ಎಳೆಗಳು, ಹಾರಾಡಿ ಫ್ಯಾನಿಗೆ ಸುತ್ತಿಕೊಳ್ಳುತ್ತಿದ್ದವು. ಬೇಸಿಗೆ ಬಂತೆಂದರೆ ದಿನಕ್ಕೆ ಮೂರು ಸಲ ಕಂಪ್ಯೂಟರಿನ ಪೆಟ್ಟಿಗೆ ಕಾದು ಆರಿಹೋಗುತ್ತಿತ್ತು. ಅರ್ಧ ಬರೆದ ಹೂವು, ಬಳ್ಳಿ ಎಲ್ಲ ಅಳಿಸಿಹೋಗುತ್ತಿದ್ದವು. ಕೊಯಮತ್ತೂರಿನ ರಿಪೇರಿಯವನು ಕೋಣೆಗೆ ಏಸಿ ಹಾಕಿಸಿ ಅಂದ. ಮಗ್ಗದ ಕೋಣೆಗೆ ಏಸಿ! ಅಮ್ಮ ಒಂದು ವಾರ ನಕ್ಕಳು.

ಮಾಮ ಬಂದು ಪೆಟ್ಟಿಗೆ ಬಿಚ್ಚಿ, ಒಳಗಿನಿಂದ ಒಂದು ಹಿಡಿ ಪಂಜು ಎಳೆದು ಹಾಕಿದರು.

"ಇದ್ರಲ್ಲಿ ಒಂದು ತಲೆದಿಂಬೇ ಮಾಡ್ಬೋದು. ಗಾಳೀನ ನಂಬಿದ್ರೆ ಪಂಜೂ ಕೂಡೆ ಬರ್ತದೆ ಅಮ್ಮಿಣಿ. ಬೋರ್ ಮೋಟಾರು ಸಾವಿರ ಅಡಿ ಒಳಗೆ ಹೆಂಗೆ ತಣ್ಣಗಿರ್ತದೆ? ಅದ್ರ ಹೊಟ್ಟೇಲಿ ತಣ್ಣಿ ಅದೆ. ಇದಕ್ಕೂ ತಣ್ಣಿ ಕುಡಿಸಾನ."

ಕಂಪ್ಯೂಟರಿಗೆ ನೀರು ಕುಡಿಸುವುದೇ! ನಾನು ಬೆಚ್ಚಿಬಿದ್ದೆ. ಹತ್ತು ದಿನ ಬಿಟ್ಟು ಅವರು ಅಂಗೈಯಗಲದ ತಾಮ್ರದ ಬಿಲ್ಲೆಯೊಂದನ್ನು ತಂದರು. ಲೇತಿನಲ್ಲಿ ಒಂದರೊಳಗೊಂದು ಉಂಗುರದಂತೆ ಕಾಲುವೆ ಕಡೆದು, ಮೇಲೆ ಹಿತ್ತಾಳೆಯ ಮುಚ್ಚಳ ಬೆಸೆದಿದ್ದರು. ಅದನ್ನು ಪ್ರೊಸೆಸರಿನ ಮೇಲೆ ಕೂರಿಸಿದರು. ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಪಂಪು, ಉಕ್ಕಡಂನ ಹಳೇ ಸಾಮಾನಿನ ಅಂಗಡಿಯಿಂದ ತಂದ ಕಾರಿನ ತಾಮ್ರದ ರೇಡಿಯೇಟರು. ಗೋಡೆ ಕೊರೆದು ರೇಡಿಯೇಟರನ್ನು ಹೊರಗೆ ನೇತುಹಾಕಿ, ಪೆಟ್ಟಿಗೆಯ ಬಾಯಿಗೆ ಒದ್ದೆ ಮಾಡಿ ಹಿಂಡಿದ ಬಟ್ಟೆಯ ಜಾಲರಿ ಕಟ್ಟಿದರು. ಕೊನೆಗೆ ಮೊಪೆಡ್‌ನಲ್ಲಿ ಕಟ್ಟಿಕೊಂಡು ಬಂದಿದ್ದ ಕ್ಯಾನಿನಿಂದ ನೀರು ಹೊಯ್ದರು. ಅದು ನಮ್ಮೂರ ಕೊಳಾಯಿ ನೀರಲ್ಲ, ಬೋರ್ ನೀರಂತೂ ಅಲ್ಲ, ನಗರದಲ್ಲಿದ್ದ ಷಡ್ಡಕನ ಮನೆಯಿಂದ ಹಿಡಿದು ತಂದ ಸಿರುವಾಣಿ ಹೊಳೆಯ ನೀರು. ಅದಕ್ಕಿಂತ ಸಿಹಿಯಾದ, ಶುದ್ಧವಾದ ನೀರು ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ನಂಬದ ಕೊಯಮತ್ತೂರಿನವರನ್ನು ನಾನಿನ್ನೂ ಕಂಡಿಲ್ಲ.

ಆ ಬೇಸಿಗೆಯಲ್ಲಿ ನನ್ನ ಪೆಟ್ಟಿಗೆ ಒಂದು ಸಲವೂ ಆರಲಿಲ್ಲ. ಸುದ್ದಿ ಹರಡಿತು. ಪೇಟೆಯಲ್ಲೂ ನೀರು ಓಡುವ ಪೆಟ್ಟಿಗೆಗಳಿದ್ದವು, ಬಣ್ಣದ ದೀಪ ಹಾಕಿ ಆಟ ಆಡುವವರಿಗೆ ಮಾರುವಂಥವು. ಆದರೆ ಅವುಗಳಿಗೂ ಫ್ಯಾನ್ ಬೇಕು, ಫ್ಯಾನಿದ್ದಲ್ಲಿ ಪಂಜು ತಪ್ಪದು. ತಿರುಪ್ಪೂರಿನಿಂದ, ಅವಿನಾಶಿಯಿಂದ ಕಸೂತಿಯವರು, ಪ್ರಿಂಟಿಂಗ್‌ನವರು ಮಾಮನನ್ನು ಹುಡುಕಿಕೊಂಡು ಬಂದರು. "ಸೂಡು ಕಳ್ಳನ ತರ" ಎಂದು ಮಾಮ ಬಿಸಿಯ ಗುಣವನ್ನು ಅವರಿಗೆಲ್ಲ ವಿವರಿಸುತ್ತಿದ್ದರು. "ಹಿತ್ತಲ ಬಾಗಿಲು ತೆರೆದಿಟ್ರೆ ಸುಮ್ನೆ ಹೋಗ್ತಾನೆ." ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಬಂದವರಿಗೆಲ್ಲ ಗೋಡೆಯ ಹೊರಗಿನ ರೇಡಿಯೇಟರ್ ತೋರಿಸಿ, ಮುಟ್ಟಿ ನೋಡಿ ಅನ್ನುತ್ತಿದ್ದೆ.

ಅಲ್ಲಿಗೆ ಮಾಮ ನಿಂತುಬಿಟ್ಟರು.

ಪ್ರೊಸೆಸರುಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಕಾಯತೊಡಗಿದವು. ಮಾಮನ ಬಿಲ್ಲೆ ಅದೇ ಬಿಲ್ಲೆ, ಅದೇ ಉಂಗುರ, ಅದೇ ಅಗಲದ ಕಾಲುವೆ. ಈಗಿನವರು ತಾಮ್ರವನ್ನು ಕೂದಲೆಳೆಯಷ್ಟು ತೆಳ್ಳಗೆ ಸೀಳಿ ಅದರ ನಡುವೆ ನೀರು ಹಾಯಿಸುತ್ತಾರೆ ಎಂದು ಒಮ್ಮೆ ಫೋನಿನಲ್ಲಿ ಚಿತ್ರ ತೋರಿಸಿದೆ. ಲೇತಿನಲ್ಲಿ ಆಗುವುದು ಉಂಗುರ. ನೆಟ್ಟಗಿನ ಸೀಳಿಗೆ ಬೇರೆ ಯಂತ್ರ ಬೇಕು. ಅದು ನನಗೆ ಹೊಳೆಯಲಿಲ್ಲ. ಅವರ ಮುಖ ಕಪ್ಪಿಟ್ಟಿತು.

"ಇದುವರ್ಗೂ ಒಂದು ಪೆಟ್ಟಿಗೆ ವಾಪಸ್ ಬಂದದೆಯಾ? ಇಲ್ಲ ತಾನೆ? ಫೋನ್ ನೋಡಿ ನಂಗೇ ನನ್ನ ತೊಳಿಲ್ ಕಲಿಸ್ತೀಯಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಐದು ತಿಂಗಳು ಅವರು ನಮ್ಮ ಮನೆಗೆ ಬರಲಿಲ್ಲ. ಅಮ್ಮ ಅವರ ಮೇಲಿನ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸಿಕೊಂಡಳು: "ನಿನ್ನ ಬಾಯಿಂದ ನಂಗೆ ತವರೇ ಇಲ್ದಂಗಾಯ್ತು." ಕೊನೆಗೆ ನಾನೇ ಹೋಗಿ ತಪ್ಪಾಯಿತೆಂದು ಹೇಳಿ ಕರೆತಂದೆ.

ಅದಾದ ಮುಂದಿನ ವರ್ಷ ಉಕ್ಕಡಂನಲ್ಲಿ ತಾಮ್ರದ ರೇಡಿಯೇಟರುಗಳು ಸಿಗುವುದು ನಿಂತಿತು. ಹಳೆಯ ಕಾರುಗಳೆಲ್ಲ ಮುಗಿದಿದ್ದವು. ಈಗ ಬರುತ್ತಿದ್ದವೆಲ್ಲ ಅಲ್ಯೂಮಿನಿಯಂ. ಮಾಮ ಅವನ್ನೇ ಹಾಕತೊಡಗಿದರು. "ಇದು ಇನ್ನೂ ಹಗುರ" ಎಂದು ಖುಷಿಪಟ್ಟರು ಕೂಡ.

ನಾನು ಒಂದು ಮಧ್ಯಾಹ್ನ ಬೇರೇನೋ ಹುಡುಕುತ್ತ ಕೂತಿದ್ದಾಗ ಓದಿದೆ: ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಒಂದೇ ನೀರಿಗೆ ಇಟ್ಟರೆ ಅಲ್ಯೂಮಿನಿಯಂ ಒಳಗಿಂದೊಳಗೇ ಸವೆದು ತೂತಾಗುತ್ತದೆ. ಕುಡಿಯುವ ನೀರಾದರೆ ಇನ್ನೂ ಬೇಗ. ಓದಿದ ಕೂಡಲೇ ಎದ್ದು ಹೋಗಿ ನನ್ನ ಗೋಡೆಯ ಹೊರಗಿನ ರೇಡಿಯೇಟರ್ ನೋಡಿದೆ. ತಾಮ್ರ. ಹಳೆಯದು. ಉಸಿರು ಬಂತು. ಹೌದು, ಮೊದಲು ನೋಡಿದ್ದು ನನ್ನದನ್ನೇ.

ಇನ್ನು ಒಂಬತ್ತು ದಿನಕ್ಕೆ ನನ್ನ ಮಗಳ ಕಿವಿ ಚುಚ್ಚುವ ಶಾಸ್ತ್ರ. ಮಗುವನ್ನು ತಾಯಿಮಾಮ ತೊಡೆಯ ಮೇಲೆ ಕೂರಿಸಿಕೊಂಡರಷ್ಟೇ ನಮ್ಮಲ್ಲಿ ಕಿವಿ ಚುಚ್ಚುವುದು. ನನಗೆ ಅಣ್ಣತಮ್ಮ ಇಲ್ಲದ್ದರಿಂದ ಆ ತೊಡೆ ಮಾಮನದೇ. ಈಗ ಹೇಳಿದರೆ ಮುನಿಸಿಕೊಳ್ಳುತ್ತಾರೆ, ಬರುವುದಿಲ್ಲ, ನೆಂಟರೆದುರು ಅಮ್ಮನ ತಲೆ ತಗ್ಗುತ್ತದೆ. ಕಿವಿ ಚುಚ್ಚಿದ ಮೇಲೆ ಹೇಳೋಣ ಅಂದುಕೊಂಡೆ.

ಮಾಮ ಹೊಸ ಪಂಚೆ ಉಟ್ಟು, ತಟ್ಟೆ ತುಂಬ ಸೀರು, ತವರಿನ ಉಡುಗೊರೆ, ಹೊತ್ತು ಬಂದರು. ಮಗಳು ಚೀರಿದಾಗ ಅವರ ಕಣ್ಣಲ್ಲೂ ನೀರು. ಅಂದು ಹೇಳಲು ಮನಸ್ಸು ಬರಲಿಲ್ಲ. ಮರುವಾರ ದೀಪಾವಳಿ. ಆಮೇಲೆ ಅತ್ತೆಗೆ, ಮಾಮನ ಹೆಂಡತಿಗೆ, ಕಣ್ಣಿನ ಆಪರೇಷನ್. ಆಮೇಲಾಮೇಲೆ, ಎಲ್ಲ ಓಡುತ್ತಲೇ ಇದೆಯಲ್ಲ, ಓದಿದ್ದೇ ಸುಳ್ಳಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಅವಿನಾಶಿಯಲ್ಲಿ ಗಂಡ ಹೆಂಡತಿ ಇಬ್ಬರೇ ನಡೆಸುತ್ತಿದ್ದ ಒಂದು ಕಸೂತಿ ಅಂಗಡಿ. ಬಾಡಿಗೆ ಮನೆ, ಗೋಡೆ ಕೊರೆಯುವಂತಿಲ್ಲ. ಅದಕ್ಕೆ ಮಾಮ ರೇಡಿಯೇಟರನ್ನು ಪೆಟ್ಟಿಗೆಯ ಪಕ್ಕ ಮೇಜಿನ ಮೇಲೇ ಇಟ್ಟಿದ್ದರು. ಅದು ತೂತಾಯಿತು. ನೀರು ಮೇಜಿನಿಂದಿಳಿದು ಕೆಳಗಿದ್ದ ಪ್ಲಗ್ಗಿನ ಹಲಗೆಗೆ ಹೋಯಿತು. ಆ ಹೆಂಗಸು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಪ್ಲಗ್ ಎಳೆಯಲು ಕೈಹಾಕಿದಳು. ಜೀವ ಉಳಿಯಿತು. ಬಲಗೈಯ ಮೂರು ಬೆರಳು ಸುಟ್ಟು, ಮಡಚಿಕೊಂಡು, ಹಾಗೇ ನಿಂತವು. ಸೂಜಿ ಹಿಡಿದು ಬದುಕುವವಳು.

ಮಾಮ ಆಸ್ಪತ್ರೆಯಿಂದ ನೇರವಾಗಿ ತಿರುಪ್ಪೂರಿಗೆ ಹೋದರು. ಮೊಪೆಡ್‌ನಲ್ಲಿ ಊರೂರು ಅಲೆದು ಎಲ್ಲ ಪೆಟ್ಟಿಗೆಗಳ ನೀರು ಇಳಿಸಿ, ಬಿಲ್ಲೆ, ರೇಡಿಯೇಟರುಗಳನ್ನು ಬಿಚ್ಚಿ ತಂದರು. ನಾನು ಹೋದಾಗ ಲೇತಿನ ಪಕ್ಕ ಅವನ್ನೆಲ್ಲ ಗರಗಸದಿಂದ ಕೊಯ್ದು ಸಾಲಾಗಿ ಇಟ್ಟುಕೊಂಡು ಕೂತಿದ್ದರು. ಒಳಗೆಲ್ಲ ಬೂದು ಬಣ್ಣದ ಕೆಸರು. ವಾಸನೆ ನೋಡಿದರು, ಬೆರಳಲ್ಲಿ ತಿಕ್ಕಿದರು.

"ತಾಮ್ರನೂ ಅಲ್ಯೂಮಿನಿಯಮೂ ಒಂದೇ ತಣ್ಣೀಲಿ ಇರಬಾರ್ದಂತೆ. ಮೋಟಾರ್ ಕಂಪೆನಿ ಇಂಜಿನಿಯರ್ ಹೇಳಿದ. ಸಿರುವಾಣಿ ಅಂದಿದ್ಕೆ ನಕ್ಕ." ಕೆಸರಾದ ಬೆರಳನ್ನು ಪಂಚೆಗೆ ಒರೆಸಿಕೊಂಡರು. "ನೀನು ಅದೂ ಇದೂ ಓದ್ತೀಯಲ್ಲ ಅಮ್ಮಿಣಿ. ನಿಂಗೆ ಗೊತ್ತಿತ್ತಾ?"

"ಇಲ್ಲ ಮಾಮ" ಅಂದೆ.

ಆಮೇಲೆ ಅವರು ಲೇತ್ ಮುಟ್ಟಲಿಲ್ಲ. ವಾರಕ್ಕೊಮ್ಮೆ ಅವಿನಾಶಿಗೆ ಹೋಗಿ ಆ ಮನೆಯ ಜಗಲಿಯ ಮೇಲೆ ಕೂತು ಬರುತ್ತಿದ್ದರಂತೆ. ಮನೆಯವರು ಒಳಗೆ ಕರೆದ ದಿನ ಒಳಗೆ, ಕರೆಯದ ದಿನ ಹೊರಗೆ. ಎರಡನೆಯ ವರ್ಷದ ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಅಲ್ಲಿಂದ ಬಂದು ಊಟಕ್ಕೆ ಕೂತವರು ಹಾಗೇ ಪಕ್ಕಕ್ಕೆ ವಾಲಿಕೊಂಡರು. ಎದೆ ನಿಂತಿತ್ತು.

ಗಂಡನ ಕೆಲಸದ ನಿಮಿತ್ತ ನಾಲ್ಕು ವರ್ಷ ಚಾಮರಾಜನಗರದಲ್ಲಿದ್ದಾಗ ಕಲಿತ ಅಕ್ಷರದಲ್ಲಿ ಇದನ್ನು ಬರೆಯುತ್ತಿದ್ದೇನೆ. ಮಾಮನಿಗೆ ಮಾತು ಕನ್ನಡ, ಓದು ತಮಿಳು. ನಮ್ಮ ಮನೆಯಲ್ಲಿ ಇದನ್ನು ಓದಬಲ್ಲವರು ಯಾರೂ ಇಲ್ಲ. ಇಲ್ಲೂ ನಾನು ಧೈರ್ಯ ಮಾಡಿದಂತಾಗಲಿಲ್ಲ.

ಮೂರನೆಯ ದಿನದ ಕಾರ್ಯ ಮುಗಿದು ನೆಂಟರು ಎದ್ದುಹೋದ ಮೇಲೆ ಅತ್ತೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಕೊನೇವರ್ಗೂ ಅದೇ ಕೊರಗು ಅವರಿಗೆ. ಯಾರಾದ್ರೂ ಮುಂಚೇನೇ ಒಂದು ಮಾತು ಹೇಳ್ಬಾರ್ದಿತ್ತಾ ಅಂತ ನಾನು ಬಯ್ಕೊಳ್ತಿದ್ದೆ. ಅದಕ್ಕೆ ಅವರು, 'ಯಾರಿಗೂ ಗೊತ್ತಿರ್ಲಿಲ್ಲ ಬಿಡು. ಗೊತ್ತಿದ್ದಿದ್ರೆ ಅಮ್ಮಿಣಿ ಹೇಳೇ ಹೇಳ್ತಿದ್ಲು. ಅವಳೊಬ್ಳಿಗೇ ನನ್ನ ಕಂಡ್ರೆ ಭಯ ಇಲ್ದಿರೋದು' ಅಂದ್ರು."

ಅತ್ತೆಯ ಕೈ ನನ್ನ ಕೈಯಲ್ಲಿತ್ತು. ಹೌದು ಎಂಬಂತೆ ತಲೆಯಾಡಿಸಿದೆ.